ಕೊಡಗಿನಲ್ಲಿ ಹಾರಿಸಲು ಯಾವ ಹಳೆಯ ಪಿಸ್ಟನ್ ಹೆಲಿಕಾಪ್ಟರ್? ಆರ್22, ಆರ್44, ಶ್ವೈಟ್ಜರ್ 300ಸಿ, ಎನ್‌ಸ್ಟ್ರಾಮ್ ಹೋಲಿಕೆ

ಹಳೆಯ ಹೆಲಿಕಾಪ್ಟರ್ ನೋಡಲು ಹೋದವರು ಮೊದಲು ಕೇಳುವುದು ಎಷ್ಟು ಗಂಟೆ ಹಾರಿದೆ ಎಂದು. ಕೊಡಗಿನ ಮಟ್ಟಿಗೆ ಅದು ಮೂರನೆಯ ಪ್ರಶ್ನೆ. ಅದಕ್ಕೂ ಮೊದಲು ಕೇಳಬೇಕಾದವು ಎರಡಿವೆ. ಕ್ಯಾಲೆಂಡರ್ ಲೆಕ್ಕದಲ್ಲಿ ಇದಕ್ಕೆ ಇನ್ನೆಷ್ಟು ವರ್ಷ ಉಳಿದಿದೆ? ಮಾರ್ಚ್ ತಿಂಗಳ ಬಿಸಿಲಿನಲ್ಲಿ, ಮಡಿಕೇರಿಯ ಎತ್ತರದಲ್ಲಿ, ಸುತ್ತಲೂ ಸಿಲ್ವರ್ ಓಕ್ ನಿಂತಿರುವ ಜಾಗದಿಂದ ಇದು ಜನರನ್ನು ಹೊತ್ತು ನೇರ ಮೇಲೇಳುತ್ತದೆಯೇ? ಈ ಎರಡಕ್ಕೆ ಸರಿಯಾದ ಉತ್ತರ ಸಿಕ್ಕಿದ ಮೇಲೆ ಗಂಟೆಯ ಲೆಕ್ಕ ನೋಡಿದರಾಯಿತು.

ನಮ್ಮ ತೀರ್ಮಾನವನ್ನು ಮೊದಲೇ ಹೇಳುತ್ತೇವೆ. ಮೂರು ನಾಲ್ಕು ಜನ ಓಡಾಡುವ ತೋಟದ ಮನೆಗೆ ಆರ್44 ರೇವನ್ 2 ಸರಿ. ಓವರ್‌ಹಾಲ್‌ಗೆ, ಎಂದರೆ ಪೂರ್ತಿ ಬಿಚ್ಚಿ ಹೊಸದಾಗಿಸುವುದಕ್ಕೆ, ಕನಿಷ್ಠ ಆರು ವರ್ಷ ಬಾಕಿ ಇರುವುದನ್ನೇ ಹುಡುಕಿ. ಕಲಿಯುವುದಕ್ಕೆ, ಒಬ್ಬರೋ ಇಬ್ಬರೋ ಹಾರುವುದಕ್ಕೆ ಆರ್22ಗಿಂತ ಶ್ವೈಟ್ಜರ್ 300ಸಿ ಮೇಲು. ಎನ್‌ಸ್ಟ್ರಾಮ್ ಎತ್ತರದ ಜಾಗಕ್ಕೆ ಹೇಳಿ ಮಾಡಿಸಿದ ಯಂತ್ರ, ಆದರೆ ನೋಡಿಕೊಳ್ಳುವ ಎಂಜಿನಿಯರ್ ಯಾರು ಎಂದು ಗೊತ್ತಾಗದೆ ಅದಕ್ಕೆ ಮುಂಗಡ ಕೊಡಬಾರದು.

ಗಂಟೆಗಿಂತ ವರ್ಷ ಏಕೆ ಮುಖ್ಯ

ರಾಬಿನ್ಸನ್ ಕಂಪನಿಯ ಆರ್22, ಆರ್44 ಎರಡಕ್ಕೂ ಓವರ್‌ಹಾಲ್ ಗಡುವು 2200 ಗಂಟೆ ಅಥವಾ 12 ವರ್ಷ, ಯಾವುದು ಮೊದಲೋ ಅದು. ಎಂಜಿನ್, ಗೇರ್‌ಬಾಕ್ಸ್, ಬ್ಲೇಡ್, ಬೆಲ್ಟ್, ಬೇರಿಂಗ್, ಹೋಸ್ ಎಲ್ಲವೂ ಆಗ ಬದಲಾಗುತ್ತವೆ ಅಥವಾ ಬಿಚ್ಚಿ ಹೊಸದಾಗುತ್ತವೆ. ಖರ್ಚು ಹೊಸ ಹೆಲಿಕಾಪ್ಟರಿನ ಬೆಲೆಯ ದೊಡ್ಡ ಪಾಲು.

ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ನೆಲಕ್ಕೇ ಇಳಿದಿರುತ್ತದೆ. ಈ ದರ್ಜೆಯ ಹೆಲಿಕಾಪ್ಟರುಗಳು ಕಣ್ಣಿಗೆ ನೆಲ ಕಾಣುವಾಗ ಮಾತ್ರ ಹಾರುವಂಥವು, ಹಾಗಾಗಿ ಕಕ್ಕಡದ ತಿಂಗಳಲ್ಲಿ (ಜುಲೈ–ಆಗಸ್ಟ್) ಅವು ಶೆಡ್ಡಿನಲ್ಲೇ. ಸೂರ್ಯಾಸ್ತವಾಗಿ 20 ನಿಮಿಷದಿಂದ ಸೂರ್ಯೋದಯಕ್ಕೆ 20 ನಿಮಿಷ ಮೊದಲಿನವರೆಗೆ ನಮ್ಮ ದೇಶದಲ್ಲಿ ಹೀಗೆ ಕಣ್ಣಿನಿಂದ ನೋಡಿಕೊಂಡು ಹಾರುವ ವಿಎಫ್‌ಆರ್ ಹಾರಾಟವೂ ಇಲ್ಲ. ಏಪ್ರಿಲ್, ಮೇ ಮಧ್ಯಾಹ್ನಗಳನ್ನು ಗುಡುಗು ಮಳೆ ತಿನ್ನುತ್ತದೆ. ಇಷ್ಟೆಲ್ಲ ಕಳೆದು ಖಾಸಗಿ ಮಾಲೀಕರು ವರ್ಷಕ್ಕೆ 60 ಗಂಟೆ ಹಾರಿದರೆ ಅದೇ ಹೆಚ್ಚು. ಆ ವೇಗದಲ್ಲಿ 2200 ಗಂಟೆ ಮುಗಿಯಲು 36 ವರ್ಷ ಬೇಕು. ಎಂದರೆ ನಿಮ್ಮ ಯಂತ್ರವನ್ನು ಓವರ್‌ಹಾಲ್‌ಗೆ ಕಳಿಸುವುದು ಯಾವಾಗಲೂ ಕ್ಯಾಲೆಂಡರ್.

ಲೆಕ್ಕ ಹೀಗೆ ಹಾಕಿ. ಮಾರಾಟಕ್ಕಿರುವ ಆರ್44ಗೆ 10 ವರ್ಷ, 900 ಗಂಟೆ ಎಂದುಕೊಳ್ಳೋಣ. ಮಾರುವವರು ‘ಇನ್ನೂ 1,300 ಗಂಟೆ ಇದೆ’ ಎನ್ನುತ್ತಾರೆ. ನೀವು ಬಳಸುವುದು ಉಳಿದ ಎರಡು ವರ್ಷದಲ್ಲಿ 120 ಗಂಟೆ. ಮಿಕ್ಕ 1,180 ಗಂಟೆಗೆ ಕೊಟ್ಟ ಹಣ ವ್ಯರ್ಥ. ಅದೇ ಬೆಲೆಗೆ 4 ವರ್ಷದ, 1,500 ಗಂಟೆ ಹಾರಿದ ಯಂತ್ರ ಸಿಕ್ಕರೆ ಎಂಟು ವರ್ಷ, ಸುಮಾರು 480 ಗಂಟೆ ನಿಶ್ಚಿಂತೆಯಿಂದ ಹಾರಬಹುದು. ತರಬೇತಿ ಶಾಲೆಯಲ್ಲಿ ದಿನವೂ ಹಾರಿದ ಇಂಥ ‘ಹೆಚ್ಚು ಗಂಟೆ, ಕಡಿಮೆ ವರ್ಷ’ದ ಯಂತ್ರವನ್ನು ಕಂಡರೆ ಜನ ಹಿಂದೆ ಸರಿಯುತ್ತಾರೆ. ಕೊಡಗಿನವರು ಮುಂದೆ ಬರಬೇಕು. ದಿನವೂ ಬಿಸಿಯಾದ ಎಂಜಿನ್ ಒಳಗೆ ತುಕ್ಕು ಹಿಡಿಯುವುದೂ ಕಡಿಮೆ.

ಬೆಲೆ ಹೋಲಿಸುವಾಗ ಓವರ್‌ಹಾಲ್ ಖರ್ಚಿನ ಇಂದಿನ ಅಂದಾಜು ಪಟ್ಟಿಯನ್ನು ತರಿಸಿಕೊಳ್ಳಿ. ಕಳೆದ ವರ್ಷಗಳನ್ನು 12ರಿಂದ ಭಾಗಿಸಿ, ಬಂದದ್ದನ್ನು ಆ ಖರ್ಚಿಗೆ ಗುಣಿಸಿ, ಕೇಳುತ್ತಿರುವ ಬೆಲೆಗೆ ಕೂಡಿಸಿ. ಎರಡು ಯಂತ್ರಗಳ ನಡುವೆ ಹೋಲಿಸಬೇಕಾದ ಅಂಕಿ ಅದು. ಒಂದು ಎಚ್ಚರಿಕೆ: ಅಮೆರಿಕದಲ್ಲಿ ಖಾಸಗಿ ಬಳಕೆಗೆ 12 ವರ್ಷದ ಓವರ್‌ಹಾಲ್ ವಿಷಯದಲ್ಲಿ ಸಡಿಲಿಕೆ ಇರುವುದರಿಂದ ಅಲ್ಲಿ 15 ವರ್ಷದ ಯಂತ್ರವೂ ಹಾರುತ್ತಿರುತ್ತದೆ. ಇಲ್ಲಿ ನಾಗರಿಕ ವಿಮಾನಯಾನದ ನಿಯಂತ್ರಕ ಸಂಸ್ಥೆ ಡಿಜಿಸಿಎ ಒಪ್ಪಿದ ನಿರ್ವಹಣಾ ಕಾರ್ಯಕ್ರಮದಂತೆ ನಡೆಯಬೇಕು. ಅಲ್ಲಿ ಹಾರುತ್ತಿದೆ ಎಂಬ ಮಾತಿನ ಮೇಲೆ ಇಲ್ಲಿ ಹಣ ಹೂಡಬೇಡಿ.

ಎತ್ತರ, ಬಿಸಿಲು, ಮರ

ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್, ಪೈಲಟ್ ಲೆಕ್ಕದಲ್ಲಿ 3,770 ಅಡಿ. ಆ ಎತ್ತರಕ್ಕೆ ಪ್ರಮಾಣಿತ ಉಷ್ಣತೆ 7.5 ಡಿಗ್ರಿ ಸೆಲ್ಸಿಯಸ್. ಬೇಸಿಗೆಯಲ್ಲಿ 28 ಡಿಗ್ರಿ ಇದ್ದರೆ ವ್ಯತ್ಯಾಸ 20.5 ಡಿಗ್ರಿ. ಪ್ರತಿ ಡಿಗ್ರಿಗೆ ಸುಮಾರು 120 ಅಡಿ ಸೇರಿಸಿದರೆ ಡೆನ್ಸಿಟಿ ಆಲ್ಟಿಟ್ಯೂಡ್ 6,200 ಅಡಿ. ಎಂಜಿನ್‌ಗೂ ರೋಟರ್‌ಗೂ ಗಾಳಿ 6,200 ಅಡಿಯಲ್ಲಿರುವಷ್ಟೇ ತೆಳು. ಕುಶಾಲನಗರ ತಗ್ಗಿನಲ್ಲಿದೆ, 830 ಮೀಟರ್ ಆಸುಪಾಸು. ಆದರೆ ಅಲ್ಲಿ ಬಿಸಿಲು ಹೆಚ್ಚು. 34 ಡಿಗ್ರಿಯಲ್ಲಿ ಲೆಕ್ಕ 5,600 ಅಡಿಗೆ ಬರುತ್ತದೆ. ತಗ್ಗಿನ ಊರೆಂದು ಲಾಭ ಅಷ್ಟೇನಿಲ್ಲ. ತೇವದ ಗಾಳಿ ಇನ್ನೂ ಕೆಲವು ನೂರು ಅಡಿ ಸೇರಿಸುತ್ತದೆ.

ಹೋವರ್ ಮಾಡುವ, ಎಂದರೆ ಗಾಳಿಯಲ್ಲಿ ಇದ್ದಲ್ಲೇ ನಿಲ್ಲುವ ಶಕ್ತಿಗೆ ಎರಡು ಅಂಕಿಗಳಿರುತ್ತವೆ. ನೆಲದ ಹತ್ತಿರ, ಕೆಳಗಿನ ಗಾಳಿಯ ಆಸರೆಯಲ್ಲಿ ನಿಲ್ಲುವುದು ಒಂದು. ಆ ಆಸರೆ ಇಲ್ಲದೆ ಮೇಲೆ ನಿಲ್ಲುವುದು ಇನ್ನೊಂದು. ಜಾಹೀರಾತಿನಲ್ಲಿ ಮೊದಲನೆಯದೇ ದೊಡ್ಡ ಅಕ್ಷರದಲ್ಲಿರುತ್ತದೆ. ತೋಟದ ನಡುವೆ, ಎತ್ತರದ ಸಿಲ್ವರ್ ಓಕ್‌ಗಳ ನಡುವಿನ ಜಾಗದಿಂದ ಏಳಬೇಕಾದರೆ ಎರಡನೆಯದೇ ಬೇಕು, ಏಕೆಂದರೆ ಮುಂದಕ್ಕೆ ಓಡಿ ವೇಗ ಪಡೆಯಲು ಜಾಗವಿಲ್ಲ. ಆರ್44 ರೇವನ್ 1 ಪೂರ್ಣ ತೂಕ 1,089 ಕಿಲೋದಲ್ಲಿ ನೆಲದ ಆಸರೆಯೊಂದಿಗೆ ಹೋವರ್ ಮಾಡುವುದು 6,400 ಅಡಿವರೆಗೆ. ಮಡಿಕೇರಿಯ ಬೇಸಿಗೆ ಮಧ್ಯಾಹ್ನಕ್ಕೆ ಅದು ಅಂಚಿನಲ್ಲಿದೆ. ಮರ ದಾಟುವ ಶಕ್ತಿ ಉಳಿಯುವುದಿಲ್ಲ. ರೇವನ್ 2 ಪೂರ್ಣ ತೂಕ 1,134 ಕಿಲೋದಲ್ಲಿ ನೆಲದ ಆಸರೆಯೊಂದಿಗೆ 8,950 ಅಡಿ, 1,043 ಕಿಲೋಗೆ ಇಳಿಸಿದರೆ ಆಸರೆಯಿಲ್ಲದೆ 7,500 ಅಡಿ. ಎರಡೂ ಮಾದರಿಗಳ ನಡುವಿನ ಬೆಲೆ ವ್ಯತ್ಯಾಸ ಸಾರ್ಥಕವಾಗುವುದು ಇಲ್ಲೇ.

ಶಕ್ತಿ ಸಾಲದಿದ್ದರೆ ಆಗುವುದೇನು? ಥ್ರಾಟಲ್ ಪೂರ್ತಿ ತೆರೆದುಕೊಂಡ ಮೇಲೆ ರೋಟರ್ ವೇಗವನ್ನು ತಾನಾಗಿ ಕಾಯುವ ಗವರ್ನರ್‌ಗೆ ಕೊಡಲು ಏನೂ ಉಳಿದಿರುವುದಿಲ್ಲ. ಪೈಲಟ್ ಕಲೆಕ್ಟಿವ್ (ಯಂತ್ರವನ್ನು ಮೇಲೇರಿಸುವ ಸನ್ನೆ) ಎಳೆದಷ್ಟೂ ರೋಟರ್ ವೇಗ ಕುಸಿಯುತ್ತದೆ. 97 ಶೇಕಡಾಕ್ಕೆ ಹಾರ್ನ್ ಕೂಗುತ್ತದೆ. ಆಗ ಕಲೆಕ್ಟಿವ್ ಇಳಿಸಬೇಕು, ಆದರೆ ಕೆಳಗೆ ಕಾಫಿ ಗಿಡ, ಎದುರಿಗೆ ಮರ. ಬೆಟ್ಟಸೀಮೆಯ ಅಪಘಾತಗಳಲ್ಲಿ ಹೀಗೆ ಆಗುವುದುಂಟು. ಕೊಳ್ಳುವ ಮೊದಲೇ ನಿಮ್ಮ ಜಾಗದ ಎತ್ತರ, ಉಷ್ಣತೆ, ಜನರ ನಿಜವಾದ ತೂಕ ಹಾಕಿ ಆ ಯಂತ್ರದ ಕೈಪಿಡಿಯ ನಕ್ಷೆಯಲ್ಲಿ ಗೆರೆ ಎಳೆದು ನೋಡಿ.

ಆರ್44: ರೇವನ್ 1ಕ್ಕೂ ರೇವನ್ 2ಕ್ಕೂ ಇರುವ ಅಂತರ

ನಾಲ್ಕು ಆಸನದ ಆರ್44 ಮಾರುಕಟ್ಟೆಗೆ ಬಂದದ್ದು 1993ರಲ್ಲಿ. ನಮ್ಮ ದೇಶದಲ್ಲಿ ಪಿಸ್ಟನ್ ಹೆಲಿಕಾಪ್ಟರ್ ಎಂದರೆ ಹೆಚ್ಚಾಗಿ ಇದೇ. ಎಂಜಿನಿಯರ್, ಬಿಡಿಭಾಗ, ಪೈಲಟ್ ಮೂರೂ ಸುಲಭವಾಗಿ ಸಿಗುವುದಕ್ಕೆ ಕಾರಣವೂ ಅದೇ.

ರೇವನ್ 1ರಲ್ಲಿ ಕಾರ್ಬುರೇಟರ್ ಇರುವ ಲೈಕಮಿಂಗ್ ಓ-540 ಎಂಜಿನ್. 2002ರಲ್ಲಿ ಬಂದ ರೇವನ್ 2ರಲ್ಲಿ ಇಂಧನ ಇಂಜೆಕ್ಷನ್ ಇರುವ ಐಓ-540, ಐದು ನಿಮಿಷಕ್ಕೆ 245 ಅಶ್ವಶಕ್ತಿ, ಸತತವಾಗಿ 205. ಕೊಡಗಿಗೆ ಇಂಜೆಕ್ಷನ್ ಬೇಕೆನ್ನಲು ಎತ್ತರ ಒಂದೇ ಕಾರಣವಲ್ಲ. ಕಾರ್ಬುರೇಟರಿನ ಗಂಟಲಲ್ಲಿ ಇಂಧನ ಆವಿಯಾಗುವಾಗ ಗಾಳಿ ತಣ್ಣಗಾಗಿ, ಅದರಲ್ಲಿರುವ ತೇವ ಹಿಮವಾಗಿ ಕಟ್ಟುತ್ತದೆ. ಹೊರಗೆ 20 ಡಿಗ್ರಿ ಇದ್ದರೂ ಕಟ್ಟುತ್ತದೆ. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ಮರುದಿನದ ಬೆಳಗು, ಅಕ್ಟೋಬರಿನ ಮಂಜು ಎಲ್ಲವೂ ಇದಕ್ಕೆ ಹದವಾದ ಹವೆ. ಕಾರ್ಬುರೇಟರ್ ಉಷ್ಣತೆಯ ಮೀಟರಿನ ಹಳದಿ ಪಟ್ಟಿ ಮೈನಸ್ 15ರಿಂದ ಪ್ಲಸ್ 5 ಡಿಗ್ರಿವರೆಗೆ ಇರುತ್ತದೆ, ಆದರೆ ಮ್ಯಾನಿಫೋಲ್ಡ್ ಒತ್ತಡ (ಎಂಜಿನ್ನಿಗೆ ಹೋಗುವ ಗಾಳಿಯ ಒತ್ತಡ) 18 ಇಂಚಿಗಿಂತ ಇಳಿದಾಗ ಆ ಮೀಟರನ್ನು ನಂಬಬಾರದು, ಕಾರ್ಬ್ ಹೀಟ್ (ಕಾರ್ಬುರೇಟರಿಗೆ ಬಿಸಿ ಗಾಳಿ) ಪೂರ್ತಿ ಕೊಡಬೇಕು. ಇಳಿಯುವ ಹೊತ್ತಿನಲ್ಲಿ, ಗಮನ ಬೇರೆಡೆ ಇರುವಾಗಲೇ ಇದು ಕಾಡುತ್ತದೆ. ಗವರ್ನರ್ ತಾನಾಗಿ ಥ್ರಾಟಲ್ ತೆರೆದು ಹಿಮದ ಲಕ್ಷಣವನ್ನು ಮುಚ್ಚಿಡುವುದರಿಂದ ಗೊತ್ತಾಗುವುದೂ ತಡ. ರೇವನ್ 2ರಲ್ಲಿ ಈ ತೊಂದರೆ ಇಲ್ಲ. ಅದರ ತೊಂದರೆ ಬೇರೆ: ಬಿಸಿ ಎಂಜಿನ್ ನಿಲ್ಲಿಸಿ ಕಾಲು ಗಂಟೆ ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿದರೆ ಪೈಪಿನಲ್ಲಿ ಇಂಧನ ಆವಿಯಾಗಿ ಹಟ ಮಾಡುತ್ತದೆ. ಅದಕ್ಕೆ ಕೈಪಿಡಿಯಲ್ಲಿ ಕ್ರಮವಿದೆ, ಕಲಿತರೆ ಆಯಿತು.

ನಾಲ್ಕು ಆಸನವಿದ್ದ ಮಾತ್ರಕ್ಕೆ ನಾಲ್ಕು ಜನ ಹೋಗಬಹುದು ಎಂದಲ್ಲ. ರೇವನ್ 2ರ ಖಾಲಿ ತೂಕ ಸುಮಾರು 685 ಕಿಲೋ. ಗರಿಷ್ಠ ತೂಕದಿಂದ ಕಳೆದರೆ 449 ಕಿಲೋ. ಎರಡೂ ಟ್ಯಾಂಕ್ ತುಂಬಿದರೆ 176 ಲೀಟರ್, 127 ಕಿಲೋ. ಉಳಿದದ್ದು 322 ಕಿಲೋ, ತಲಾ 80. ಬ್ಯಾಗಿಗೆ ಜಾಗವಿಲ್ಲ. ಮೇಲೆ ಹೇಳಿದ 1,043 ಕಿಲೋ ಲೆಕ್ಕಕ್ಕೆ ಬಂದರೆ ಇನ್ನೂ 91 ಕಿಲೋ ಕಡಿಮೆ. ಎಂದರೆ ಮರಗಳ ನಡುವಿನಿಂದ ಬೇಸಿಗೆ ಮಧ್ಯಾಹ್ನ ಏಳುವಾಗ ರೇವನ್ 2 ಕೂಡ ಮೂರು ಜನರ ಯಂತ್ರವೇ. ರೇವನ್ 1 ಇಬ್ಬರದು.

ಹಳೆಯ ಆರ್44ರಲ್ಲಿ ನೋಡಲೇಬೇಕಾದ ಮೂರು ಸಂಗತಿಗಳಿವೆ. ಮೊದಲನೆಯದು ಇಂಧನ ಟ್ಯಾಂಕ್. ಹಿಂದಿನ ಯಂತ್ರಗಳಲ್ಲಿ ಬರೀ ಅಲ್ಯುಮಿನಿಯಂ ಟ್ಯಾಂಕ್ ಇತ್ತು. ಉರುಳಿ ಬಿದ್ದಾಗ ಒಡೆದು ಬೆಂಕಿ ಹತ್ತುತ್ತಿತ್ತು, ಬದುಕಬಹುದಾಗಿದ್ದವರೂ ಸುಟ್ಟು ಸತ್ತರು. ಆಮೇಲೆ ಕಂಪನಿ ಒಳಗೆ ರಬ್ಬರ್ ಚೀಲವಿರುವ ಟ್ಯಾಂಕ್ ತಂದಿತು. ಹಳೆಯವಕ್ಕೆ ಹಾಕಬೇಕೆಂದು ಆರ್44ಗೆ ಎಸ್‌ಬಿ-78ಬಿ, ಆರ್22ಗೆ ಎಸ್‌ಬಿ-109 ಸರ್ವಿಸ್ ಬುಲೆಟಿನ್ ಹೊರಡಿಸಿತು. ಲಾಗ್‌ಬುಕ್‌ನಲ್ಲಿ ಆ ನಮೂದು ಇಲ್ಲದ ಯಂತ್ರವನ್ನು ಎಷ್ಟೇ ಅಗ್ಗವಾದರೂ ಕೊಳ್ಳಬೇಡಿ. ಇದರಲ್ಲಿ ಚೌಕಾಶಿಗೆ ಜಾಗವಿಲ್ಲ.

ಎರಡನೆಯದು ಬ್ಲೇಡ್. ಹಳೆಯ ಮುಖ್ಯ ಬ್ಲೇಡುಗಳ ತುದಿಯಲ್ಲಿ ಹೊದಿಕೆಯ ಅಂಟು ಬಿಟ್ಟುಕೊಳ್ಳುವ ದೋಷವಿತ್ತು. ಮಳೆ, ಧೂಳಿಗೆ ಅಂಚಿನ ಬಣ್ಣ ಸವೆದು ಅಂಟಿನ ಗೆರೆ ಬಯಲಾದರೆ ಅಲ್ಲಿಂದ ಏಳಲು ಶುರು. ನಾಣ್ಯದಿಂದ ತಟ್ಟುತ್ತಾ ಹೋದರೆ ಅಂಟು ಬಿಟ್ಟ ಕಡೆ ಸದ್ದು ಮಂಕಾಗುತ್ತದೆ. ಆರ್44ಗೆ ಸಿ016-7 ಸಂಖ್ಯೆಯ ಬ್ಲೇಡ್ ಇರುವುದನ್ನೇ ನೋಡಿ. ಸಂಖ್ಯೆ ಬ್ಲೇಡಿನ ಬುಡದಲ್ಲಿದೆ, ಲಾಗ್‌ಬುಕ್‌ಗೆ ತಾಳೆಯಾಗಬೇಕು. ಬ್ಲೇಡಿನ 12 ವರ್ಷ ಯಂತ್ರದ 12 ವರ್ಷದ ಜೊತೆಗೇ ಮುಗಿಯಬೇಕೆಂದಿಲ್ಲ. ಪ್ರತಿ ಭಾಗದ ದಿನಾಂಕ ಬೇರೆಯಾಗಿ ಬರೆದುಕೊಳ್ಳಿ.

ಮೂರನೆಯದು ಬೆಲ್ಟ್ ಮತ್ತು ಅದು ಓಡುವ ಗಾಲಿ, ಶೀವ್. ಎಂಜಿನ್ನಿನ ಶಕ್ತಿ ರೋಟರ್‌ಗೆ ಹೋಗುವುದು ನಾಲ್ಕು ಜೋಡಿ ವಿ-ಬೆಲ್ಟುಗಳ ಮೂಲಕ. ತೇವದಲ್ಲಿ ನಿಂತ ಯಂತ್ರದ ಶೀವ್‌ನ ತೋಡುಗಳಲ್ಲಿ ತುಕ್ಕಿನ ಪದರ ಕೂತು, ಮಳೆಗಾಲ ಕಳೆದು ಸ್ಟಾರ್ಟ್ ಮಾಡಿದಾಗ ಅದು ಉಪ್ಪುಕಾಗದದಂತೆ ಬೆಲ್ಟನ್ನು ತಿನ್ನುತ್ತದೆ. ಕ್ಲಚ್ ದೀಪ ಹಾರಾಟದಲ್ಲಿ ಪದೇ ಪದೇ ಮಿನುಗುವುದು, ಬೆಲ್ಟ್ ಉರುಳುವುದು, ಕರಿ ಪುಡಿ ಉದುರುವುದು ಇದರ ಗುರುತು. ಮೇಲಿನ ಶೀವ್ ಬೇರಿಂಗಿಗೆ ಅಂಟಿಸಿದ ಉಷ್ಣತೆಯ ಪಟ್ಟಿಯಲ್ಲಿ ಚುಕ್ಕಿ ಕಪ್ಪಾಗಿದೆಯೇ ಎಂದೂ ನೋಡಿ. ಕಪ್ಪಾದರೆ ಬೇರಿಂಗ್ ಬಿಸಿಯಾಗಿತ್ತು ಎಂದರ್ಥ.

ಆರ್22: ಅಗ್ಗ, ಆದರೆ ಕ್ಷಮೆ ಕಡಿಮೆ

ಎರಡು ಆಸನ, ಗರಿಷ್ಠ 622 ಕಿಲೋ. 1996ರಿಂದ ಬಂದ ಬೀಟಾ 2ರಲ್ಲಿ ಓ-360 ಎಂಜಿನ್, ಪೂರ್ಣ ಶಕ್ತಿ ತೆಗೆಯದೆ 131 ಅಶ್ವಶಕ್ತಿಗೆ ಮಿತಿಗೊಳಿಸಿದ್ದು. ಆ ಮಿತಿಯಿಂದಾಗಿಯೇ ಎತ್ತರದಲ್ಲೂ ಶಕ್ತಿ ಉಳಿದಿರುತ್ತದೆ. ಕೊಡಗಿಗೆ ಆರ್22 ತೆಗೆದುಕೊಳ್ಳುವುದಾದರೆ ಬೀಟಾ 2ಕ್ಕಿಂತ ಹಳೆಯದನ್ನು ನೋಡಬೇಡಿ. ಗಂಟೆಗೆ 32 ಲೀಟರ್ ಆಸುಪಾಸು ಕುಡಿಯುತ್ತದೆ. ಆಸನಕ್ಕೆ ಗರಿಷ್ಠ 109 ಕಿಲೋ, ಕೆಳಗಿಟ್ಟ ಸಾಮಾನೂ ಸೇರಿ. ಭಾರೀ ಮೈಯವರು ಮೊದಲು ತೂಕ ನೋಡಿಕೊಳ್ಳಬೇಕು.

ರೋಟರ್ ಹಗುರ. ಎಂಜಿನ್ ನಿಂತರೆ ಕಲೆಕ್ಟಿವ್ ಇಳಿಸಲು ಪೈಲಟ್‌ಗೆ ಸಿಗುವುದು ಒಂದು ಸೆಕೆಂಡಿನ ಆಸುಪಾಸು. ಆರ್44ರಲ್ಲಿ ಸ್ವಲ್ಪ ಹೆಚ್ಚು. ಎರಡೂ ಎರಡು ಬ್ಲೇಡಿನ, ಏತದಂತೆ ಓಲಾಡುವ ರೋಟರಿನವು. ಇಂಥ ರೋಟರ್ ಇರುವಾಗ ಗಾಳಿಯ ಹೊಡೆತಕ್ಕೋ ದಿಕ್ಕು ತಿರುಗಿಸುವ ಕಡ್ಡಿಯನ್ನು (ಸೈಕ್ಲಿಕ್) ಥಟ್ಟನೆ ಮುಂದಕ್ಕೆ ತಳ್ಳಿದ್ದಕ್ಕೋ ದೇಹ ಹಗುರವಾದಂತೆ ಆದರೆ, ಬಲಕ್ಕೆ ಹೊರಳುವಿಕೆಯನ್ನು ಎಡಕ್ಕೆ ಕಡ್ಡಿ ತಳ್ಳಿ ಸರಿಪಡಿಸಲು ಹೋಗಬಾರದು. ಬ್ಲೇಡುಗಳು ಸೇರುವ ಹಬ್, ರೋಟರನ್ನು ಹೊತ್ತ ದಂಡವಾದ ಮಾಸ್ಟ್‌ಗೆ ಬಡಿದು ರೋಟರೇ ಕಳಚುತ್ತದೆ. ಮೊದಲು ಕಡ್ಡಿಯನ್ನು ಮೃದುವಾಗಿ ಹಿಂದಕ್ಕೆ ತಂದು ರೋಟರಿನ ಮೇಲೆ ಭಾರ ಬರಿಸಬೇಕು. ಗಾಳಿ ಕುಲುಕುವಾಗ ವೇಗವನ್ನು 60–70 ನಾಟ್‌ಗೆ ಇಳಿಸಬೇಕು. 200 ಗಂಟೆಗಿಂತ ಕಡಿಮೆ ಹೆಲಿಕಾಪ್ಟರ್ ಅನುಭವದ ಪೈಲಟ್‌ಗಳಿಗೆ ನೆಲದ ಗಾಳಿ 25 ನಾಟ್ ದಾಟಿದರೆ ಹಾರಬಾರದು ಎಂಬ ಮಿತಿ ಕೈಪಿಡಿಯಲ್ಲೇ ಇದೆ. ತಡಿಯಂಡಮೋಳ್, ಬ್ರಹ್ಮಗಿರಿ, ಪುಷ್ಪಗಿರಿ ಸಾಲು ಪಶ್ಚಿಮದ ಗಾಳಿಗೆ ಎದೆಯೊಡ್ಡಿ ನಿಂತಿದೆ. ಸಾಲಿನ ಪೂರ್ವದ ಮಗ್ಗುಲಲ್ಲಿ ಗಾಳಿ ಸುಳಿಯುತ್ತಾ ಕೆಳಗೆ ಬೀಳುತ್ತದೆ. ಹೊಸದಾಗಿ ಲೈಸೆನ್ಸ್ ಪಡೆದವರಿಗೆ ಅಂಥ ಸೀಮೆಯಲ್ಲಿ ಆರ್22 ಬೇಡ ಎಂಬುದು ನಮ್ಮ ಖಚಿತ ಮಾತು.

ಶ್ವೈಟ್ಜರ್ 300ಸಿ

ಹ್ಯೂಸ್ 269 ಎಂದು 1956ರಲ್ಲಿ ಮೊದಲು ಹಾರಿದ ವಿನ್ಯಾಸ ಇದು. ಅಮೆರಿಕದ ಸೇನೆ ಟಿಎಚ್-55 ಹೆಸರಿನಲ್ಲಿ ಪೈಲಟ್‌ಗಳನ್ನು ತಯಾರಿಸಲು ಬಳಸಿತ್ತು. ಹ್ಯೂಸ್‌ನಿಂದ ಶ್ವೈಟ್ಜರ್‌ಗೆ, 2004ರಲ್ಲಿ ಸಿಕೋರ್ಸ್ಕಿಗೆ, 2018ರಲ್ಲಿ ಟೆಕ್ಸಾಸ್‌ನ ಹೊಸ ಕಂಪನಿಗೆ ಕೈ ಬದಲಾಗಿದೆ. ಈ ಕೈ ಬದಲಾವಣೆಗಳ ನಡುವೆ ಬಿಡಿಭಾಗಕ್ಕೆ ಪರದಾಟವಾದ ಕಾಲವೂ ಇತ್ತು, ಆದ್ದರಿಂದ ಕೊಳ್ಳುವ ಮೊದಲೇ ದುಬಾರಿ ಭಾಗಗಳು ಸಿಗುವ ಅವಧಿಯನ್ನು ಕೇಳಿ ತಿಳಿಯಿರಿ.

190 ಅಶ್ವಶಕ್ತಿಯ ಎಚ್‌ಐಓ-360 ಎಂಜಿನ್, ಇಂಜೆಕ್ಷನ್, ಆದ್ದರಿಂದ ಕಾರ್ಬುರೇಟರ್ ಹಿಮದ ಕಾಟವಿಲ್ಲ. ಗರಿಷ್ಠ 930 ಕಿಲೋ, ಮೂರು ಆಸನ. ಮೂರು ಬ್ಲೇಡ್ ಪ್ರತ್ಯೇಕವಾಗಿ ಆಡುವುದರಿಂದ ಮಾಸ್ಟ್ ಬಡಿತದ ಭಯವಿಲ್ಲ, ಎಂಜಿನ್ ನಿಂತರೂ ಇಳಿಯುವಿಕೆ ಹಿಡಿತದಲ್ಲಿರುತ್ತದೆ. ರಾಬಿನ್ಸನ್‌ನಂತೆ ಇಡೀ ಯಂತ್ರಕ್ಕೆ 12 ವರ್ಷದ ಗಡುವಿಲ್ಲ. ಭಾಗ ಭಾಗಕ್ಕೆ ಬೇರೆ ಗಂಟೆ ಮಿತಿ. ಎಂಜಿನ್ನಿಗೆ ಮಾತ್ರ ಲೈಕಮಿಂಗ್ ಹೇಳುವ 12 ವರ್ಷ ಅನ್ವಯ. ವರ್ಷಕ್ಕೆ 60 ಗಂಟೆ ಹಾರುವವರಿಗೆ ಇದು ದೊಡ್ಡ ಉಳಿತಾಯ.

ಇದರ ದೌರ್ಬಲ್ಯ ನೆಲದ ಅನುರಣನೆ. ಬ್ಲೇಡ್ ಡ್ಯಾಂಪರ್ ಒಂದು ಸೊರಗಿದರೂ, ಇಳಿಯುವ ಕಾಲಾದ ಸ್ಕಿಡ್‌ನ ಓಲಿಯೋದಲ್ಲಿ (ಹೊಡೆತ ತಡೆಯುವ ಕೊಳವೆ) ಒತ್ತಡ ಇಳಿದಿದ್ದರೂ, ನೆಲ ಮುಟ್ಟುವಾಗ ತೊಡಗಿದ ಕುಲುಕಾಟ ಕೆಲವೇ ಸೆಕೆಂಡಿನಲ್ಲಿ ಹೆಚ್ಚಿ ಯಂತ್ರವನ್ನೇ ಚೂರು ಮಾಡುತ್ತದೆ. ರೋಟರ್ ವೇಗ ಸರಿ ಇದ್ದರೆ ತಕ್ಷಣ ಮೇಲೇಳಬೇಕು, ಇಲ್ಲದಿದ್ದರೆ ಥ್ರಾಟಲ್ ಮುಚ್ಚಿ ಕಲೆಕ್ಟಿವ್ ಇಳಿಸಬೇಕು. ಇಳಿಜಾರು ಬಾಣೆಗಳಲ್ಲಿ (ಗದ್ದೆಯ ಮೇಲಿನ ಹುಲ್ಲು, ಮರಗಳ ಜಾಗ) ಇಳಿಯುವವರು ಇದನ್ನು ಕಂಠಪಾಠ ಮಾಡಿರಬೇಕು. ಪರೀಕ್ಷೆ ಮಾಡಿಸುವಾಗ ಬಾಲದ ಕೊಳವೆಯನ್ನು ಹಿಡಿದಿರುವ ಕಂಬಿಗಳು, ನಡು ಚೌಕಟ್ಟಿನ ಹಿಂಬದಿ ಫಿಟ್ಟಿಂಗುಗಳಲ್ಲಿ ಬಿರುಕು ಇದೆಯೇ ಎಂದು ಬಣ್ಣ ತೆಗೆಸಿ ನೋಡಿಸಿ. ಬ್ಲೇಡಿನ ಮುಂಗಡೆಯ ಲೋಹದ ಪಟ್ಟಿಯನ್ನು ತಟ್ಟಿಸಿ.

ಎನ್‌ಸ್ಟ್ರಾಮ್ ಮತ್ತು ಉಳಿದವು

ಎನ್‌ಸ್ಟ್ರಾಮ್ ಎಫ್28ಎಫ್, 280ಎಫ್‌ಎಕ್ಸ್ ಎರಡರಲ್ಲೂ ಟರ್ಬೋಚಾರ್ಜರ್ ಇರುವ 225 ಅಶ್ವಶಕ್ತಿಯ ಎಂಜಿನ್. ಗಾಳಿ ತೆಳುವಾದಂತೆ ಶಕ್ತಿ ಕುಗ್ಗುವುದಿಲ್ಲ, ಹಾಗಾಗಿ ಮಡಿಕೇರಿಯ 6,200 ಅಡಿ ಲೆಕ್ಕ ಎಂಜಿನ್ನನ್ನು ಸೊರಗಿಸದು. ರೋಟರ್ ಭಾರ, ಆಟೋರೊಟೇಶನ್‌ನಲ್ಲಿ (ಎಂಜಿನ್ ಇಲ್ಲದೆ ಇಳಿಯುವಾಗ) ಸಮಯ ಕೊಡುವ ಯಂತ್ರ. ಮುಖ್ಯ ಬ್ಲೇಡಿಗೆ ಗಂಟೆ ಮಿತಿಯೇ ಇಲ್ಲ. ಗರಿಷ್ಠ 1,179 ಕಿಲೋ, ಮೂರು ಆಸನ. ಇಳಿದ ಮೇಲೆ ಟರ್ಬೋ ತಣಿಯಲು ಐಡಲ್‌ನಲ್ಲಿ ಓಡಿಸಿಯೇ ನಿಲ್ಲಿಸಬೇಕು. ಅವಸರದಲ್ಲಿ ಆರಿಸಿದವರ ಯಂತ್ರದಲ್ಲಿ ಬೇರಿಂಗಿನ ಎಣ್ಣೆ ಸುಟ್ಟು ಕರಿಯಾಗಿರುತ್ತದೆ; ಟರ್ಬೋ ಚಕ್ರವನ್ನು ಕೈಯಿಂದ ತಿರುಗಿಸಿ ನೋಡಿ, ಎಕ್ಸಾಸ್ಟ್ ಕೊಳವೆಗಳ ಬೆಸುಗೆಯಲ್ಲಿ ಬಿರುಕು ಹುಡುಕಿ. ಕಂಪನಿ 2022ರಲ್ಲಿ ದಿವಾಳಿಯಾಗಿ ಅದೇ ವರ್ಷ ಹೊಸ ಮಾಲೀಕರ ಕೈಗೆ ಬಂತು. ಇಲ್ಲಿ ಇದನ್ನು ಬಲ್ಲ ಕೈಗಳು ಕಡಿಮೆ. ನಮ್ಮ ಹಿಂಜರಿಕೆಗೆ ಅದೊಂದೇ ಕಾರಣ.

ಗಿಂಬಾಲ್ ಕಾಬ್ರಿ ಜಿ2 ಒಳ್ಳೆಯ ಎರಡು ಆಸನದ ಫ್ರೆಂಚ್ ಯಂತ್ರ, ಬಾಲದ ರೋಟರ್ ಗೂಡಿನೊಳಗಿದೆ, ತೋಟದ ಕೆಲಸಗಾರರ ನಡುವೆ ಇಳಿಯುವಾಗ ಅದು ದೊಡ್ಡ ಗುಣ. ಆದರೆ ಬಳಸಿದ್ದು ಮಾರುಕಟ್ಟೆಗೆ ಬರುವುದು ಅಪರೂಪ. ಬೆಲ್ 47 ನೋಡಲು ಚಂದ, 1946ರಲ್ಲಿ ನಾಗರಿಕ ಬಳಕೆಗೆ ಪ್ರಮಾಣಪತ್ರ ಪಡೆದ ಮೊದಲ ಹೆಲಿಕಾಪ್ಟರ್; ಓಡಾಟಕ್ಕೆ ಬೇಡ.

ಇಂಧನ ಎಲ್ಲಿಂದ

ಇವೆಲ್ಲಕ್ಕೂ ಬೇಕಾದದ್ದು ಏವ್‌ಗ್ಯಾಸ್ 100ಎಲ್‌ಎಲ್, ಪಿಸ್ಟನ್ ವಿಮಾನಗಳ ಪೆಟ್ರೋಲ್. ಇಂಡಿಯನ್ ಆಯಿಲ್ ಕಂಪನಿ 2022ರಲ್ಲಿ ವಡೋದರಾದಲ್ಲಿ ತಯಾರಿಸಲು ಶುರು ಮಾಡುವವರೆಗೆ ಇದು ಪೂರ್ತಿ ಆಮದು. ಬಂಕಿನ ಪೆಟ್ರೋಲ್ ಹಾಕುವಂತಿಲ್ಲ, ಅದರಲ್ಲಿ ಈಗ 20 ಶೇಕಡಾವರೆಗೆ ಎಥನಾಲ್ ಇದೆ. ಎಥನಾಲ್ ನೀರನ್ನು ಹೀರುತ್ತದೆ, ಸೀಲು, ಹೋಸುಗಳನ್ನು ಕೆಡಿಸುತ್ತದೆ, ಲೈಕಮಿಂಗ್ ಅದನ್ನು ನಿಷೇಧಿಸಿದೆ. ಕಣ್ಣೂರು, ಮಂಗಳೂರು ನಿಲ್ದಾಣಗಳಲ್ಲಿ ದೊಡ್ಡ ವಿಮಾನಗಳಿಗೆ ತುಂಬುವುದು ಜೆಟ್ ಇಂಧನ. ತಪ್ಪಿ ಅದನ್ನು ಪಿಸ್ಟನ್ ಎಂಜಿನ್ನಿಗೆ ತುಂಬಿದರೆ ಎಂಜಿನ್ ಒಳಗೇ ಸಿಡಿದು ಕೆಡುತ್ತದೆ.

ತೋಟದಲ್ಲಿ ಇಟ್ಟುಕೊಳ್ಳೋಣ ಎಂದರೆ, ಏವ್‌ಗ್ಯಾಸ್ ಸೇರುವ ಎ ದರ್ಜೆಯ ಪೆಟ್ರೋಲಿಯಂ 30 ಲೀಟರ್ ದಾಟಿದರೆ ಲೈಸೆನ್ಸ್ ಬೇಕು. ಆರ್44 ಗಂಟೆಗೆ 57 ಲೀಟರ್ ಕುಡಿಯುತ್ತದೆ, 30 ಲೀಟರ್ ಎಂದರೆ ಅರ್ಧ ಗಂಟೆ. ಅದನ್ನು ಕೊಡುವ ಕೇಂದ್ರ ಸಂಸ್ಥೆ ಪೆಸೋದ ಲೈಸೆನ್ಸ್ ಇಲ್ಲದೆ ಗೋದಾಮಿನಲ್ಲಿ ಬ್ಯಾರಲ್ ಕೂಡಿಡುವುದು ಅಪರಾಧ, ಅಪಾಯವೂ ಹೌದು.

ಹಾಗಾಗಿ ಬೆಂಗಳೂರಿಗೆ ಹೋಗಿ ಬರುವ ಲೆಕ್ಕವನ್ನು ಯಂತ್ರದ ಆಯ್ಕೆಯ ಹೊತ್ತಿಗೇ ಮಾಡಿಕೊಳ್ಳಬೇಕು. ಮಡಿಕೇರಿಯಿಂದ ಬೆಂಗಳೂರಿನ ಜಕ್ಕೂರು ವಿಮಾನ ನೆಲೆ ನೇರ ದಾರಿಯಲ್ಲಿ ಸುಮಾರು 214 ಕಿ.ಮೀ. ಆರ್44 ಹೋಗಿ ಬರಲು 122 ಲೀಟರ್, 20 ನಿಮಿಷದ ಮೀಸಲು ಸೇರಿ 141. ಟ್ಯಾಂಕಿನಲ್ಲಿ 176 ಇರುವುದರಿಂದ ಎದುರು ಗಾಳಿಗೂ ಸ್ವಲ್ಪ ಉಳಿಯುತ್ತದೆ. ಆರ್22ಗೆ ಮೀಸಲು ಸೇರಿ 89 ಲೀಟರ್. ಮುಖ್ಯ ಟ್ಯಾಂಕ್ 64 ಮಾತ್ರ, ಹೆಚ್ಚುವರಿ ಟ್ಯಾಂಕ್ ಇದ್ದರೆ ಆದೀತು, ಆಗ ಇಬ್ಬರೂ ತಲಾ 75 ಕಿಲೋ ಒಳಗಿರಬೇಕು. 300ಸಿಗೆ 150 ಲೀಟರ್ ಬೇಕು, ಒಂದು ಟ್ಯಾಂಕಿನಲ್ಲಿ 123. ಎರಡನೆಯ ಟ್ಯಾಂಕ್ ಇರುವ ಯಂತ್ರವನ್ನೇ ಹುಡುಕಿ. ಎನ್‌ಸ್ಟ್ರಾಮಿನ 151 ಲೀಟರ್ ಸಾಲದು, ಸುಮಾರು 160 ಬೇಕು. ಮೈಸೂರಿನ ಮಂಡಕಳ್ಳಿ ನಿಲ್ದಾಣ 100 ಕಿ.ಮೀ. ದೂರ, ಅಲ್ಲಿ ನಿಮ್ಮ ಯಂತ್ರಕ್ಕೆ ಏವ್‌ಗ್ಯಾಸ್ ಕೊಡುವವರು ಒಪ್ಪಿದರೆ ಅದನ್ನು ಬರವಣಿಗೆಯಲ್ಲಿ ಪಡೆದುಕೊಳ್ಳಿ.

ತುಕ್ಕು: ಕೊಳ್ಳುವ ಮೊದಲಿನ ಪರೀಕ್ಷೆ

ಲೈಕಮಿಂಗ್ ಎಂಜಿನ್ನಿನ ಕ್ಯಾಮ್‌ಶಾಫ್ಟ್ ಮೇಲ್ಭಾಗದಲ್ಲಿದೆ. ನಿಲ್ಲಿಸಿದಾಗ ಎಣ್ಣೆ ಕೆಳಗಿಳಿದು ಅದು ಒಣಗುತ್ತದೆ, ಒಂದೇ ತಿಂಗಳ ತೇವಕ್ಕೆ ತುಕ್ಕಿನ ಚುಕ್ಕೆ ಬೀಳುತ್ತದೆ, ಮುಂದೆ ಟ್ಯಾಪೆಟ್ ಆ ಚುಕ್ಕೆಯ ಮೇಲೆ ಉಜ್ಜಿ ಲೋಹದ ಪುಡಿ ಎಣ್ಣೆಗೆ ಸೇರುತ್ತದೆ. ಹಾಗಾಗಿ ಲಾಗ್‌ಬುಕ್‌ನಲ್ಲಿ ಒಟ್ಟು ಗಂಟೆಗಿಂತ ಹಾರಾಟಗಳ ನಡುವಿನ ಬಿಡುವನ್ನು ಹುಡುಕಿ. ಮೂರು ನಾಲ್ಕು ತಿಂಗಳ ಬಿಡುವು ಪ್ರತಿ ವರ್ಷ ಕಂಡರೆ, ಆ ಅವಧಿಗೆ ಸಂರಕ್ಷಣಾ ಎಣ್ಣೆ ಹಾಕಿ, ತೇವ ಹೀರುವ ಪ್ಲಗ್ ಕೂರಿಸಿದ ನಮೂದು ಇದೆಯೇ ನೋಡಿ. ಎಣ್ಣೆ ಫಿಲ್ಟರನ್ನು ಕತ್ತರಿಸಿ, ಮಡಿಕೆಗಳನ್ನು ಬಿಡಿಸಿ, ಅಯಸ್ಕಾಂತ ಆಡಿಸಿ. ಸಿಲಿಂಡರುಗಳ ಒಳಗೆ ಬೋರ್‌ಸ್ಕೋಪ್ ಹಾಕಿಸಿ. 80 ಪಿಎಸ್‌ಐ ಒತ್ತಡದ ಕಂಪ್ರೆಶನ್ ಪರೀಕ್ಷೆಯಲ್ಲಿ ಎಲ್ಲ ಸಿಲಿಂಡರ್ 70ರ ಮೇಲಿದ್ದು, ಹತ್ತಿರ ಹತ್ತಿರ ಇರಬೇಕು. ಒಂದು ಮಾತ್ರ ತೀರ ಇಳಿದಿದ್ದರೆ ಗಾಳಿ ಎಲ್ಲಿಂದ ಸೋರುತ್ತಿದೆ ಎಂದು ಕೇಳಿಸಿಕೊಳ್ಳಿ: ಎಕ್ಸಾಸ್ಟ್‌ನಲ್ಲಿ ಸುಯ್ಗುಟ್ಟಿದರೆ ವಾಲ್ವ್, ಎಣ್ಣೆ ಕೊಳವೆಯಲ್ಲಿ ಕೇಳಿದರೆ ರಿಂಗ್. ಮ್ಯಾಗ್ನೆಟೋಗಳ 500 ಗಂಟೆಯ ಪರೀಕ್ಷೆ ಯಾವಾಗ ಆಯಿತು ಎಂಬುದನ್ನೂ ಬರೆದುಕೊಳ್ಳಿ.

ಕೊಂಡ ಮೇಲೆ ನೀವೂ ಇದನ್ನೇ ಪಾಲಿಸಬೇಕು. ಮಳೆಗಾಲದಲ್ಲಿ ವಾರಕ್ಕೊಮ್ಮೆ ಶೆಡ್ಡಿನ ಮುಂದೆ ಹತ್ತು ನಿಮಿಷ ಓಡಿಸಿದರೆ ಒಳ್ಳೆಯದೆಂದು ಹಲವರು ನಂಬಿದ್ದಾರೆ. ಅದರಿಂದ ಕೇಡೇ ಹೆಚ್ಚು. ಎಣ್ಣೆ 75 ಡಿಗ್ರಿಗೆ ಬಿಸಿಯಾಗಿ ಸುಮಾರು ಒಂದು ಗಂಟೆ ಹಾರಿದರೆ ಮಾತ್ರ ಒಳಗಿನ ನೀರು ಆವಿಯಾಗುತ್ತದೆ; ಹತ್ತು ನಿಮಿಷದಲ್ಲಿ ಹೊಸ ನೀರು ಸೇರುವುದಷ್ಟೇ.

ಪರೀಕ್ಷೆಗೆ ಮಾರುವವರ ಎಂಜಿನಿಯರ್ ಬೇಡ. ಮುಂದೆ ನಿಮ್ಮ ಯಂತ್ರಕ್ಕೆ ಸಹಿ ಹಾಕಲಿರುವ, ಡಿಜಿಸಿಎ ಮಾನ್ಯತೆಯ ಸಂಸ್ಥೆಯವರನ್ನೇ ಕರೆದುಕೊಂಡು ಹೋಗಿ. ಅವರು ಒಪ್ಪದ್ದನ್ನು ನೀವು ಒಪ್ಪಿ ಪ್ರಯೋಜನವಿಲ್ಲ.

ಕಾಗದ, ತೆರಿಗೆ, ಕಣ

ದೇಶದೊಳಗೆ ವಿಟಿ (ಭಾರತದ) ನೋಂದಣಿ ಇರುವ ಯಂತ್ರ ಸಿಕ್ಕರೆ ಬೆಲೆ ಸ್ವಲ್ಪ ಹೆಚ್ಚಾದರೂ ಅದಕ್ಕೇ ಆದ್ಯತೆ ಕೊಡಿ. ನೋಂದಣಿ ಪತ್ರ, ಹಾರಾಟ ಯೋಗ್ಯತಾ ಪತ್ರ, ಚಾಲ್ತಿಯಲ್ಲಿರುವ ಎಆರ್‌ಸಿ (ಆ ಯೋಗ್ಯತೆಯ ಮರುಪರಿಶೀಲನಾ ಪತ್ರ), ರೇಡಿಯೋ ಲೈಸೆನ್ಸ್, ವಿಮೆ, ಸಾಲದ ಹೊರೆ ಇಲ್ಲವೆಂಬ ಪತ್ರ ಇವಿಷ್ಟನ್ನು ನೋಡಿದರಾಯಿತು. ಹೊರದೇಶದಿಂದ ತರಿಸುವುದಾದರೆ ಮುಂಗಡಕ್ಕೂ ಮೊದಲು ಆಮದಿನ ಅನುಮತಿ ಬೇಕು. ಯಂತ್ರದ ವಯಸ್ಸು ಅಲ್ಲಿ ಪ್ರಶ್ನೆಯಾಗುತ್ತದೆ. ಆ ದೇಶದ ರಫ್ತು ಯೋಗ್ಯತಾ ಪತ್ರವೂ ಬೇಕು. ಸ್ವಂತ ಬಳಕೆಯ ವಿಮಾನಕ್ಕೆ ಜಿಎಸ್‌ಟಿ ಸೆಪ್ಟೆಂಬರ್ 2025ರಿಂದ 40 ಶೇಕಡಾ. ವಿದೇಶದಲ್ಲಿ ಅಗ್ಗವೆಂದು ಕಂಡ ಯಂತ್ರ ಇಲ್ಲಿಗೆ ಬರುವಾಗ ಅಗ್ಗವಾಗಿ ಉಳಿದಿರುವುದಿಲ್ಲ. ಖಾಸಗಿ ನೋಂದಣಿಯ ಯಂತ್ರದಲ್ಲಿ ಹೋಂಸ್ಟೇ ಅತಿಥಿಗಳಿಂದ ಹಣ ಪಡೆದು ಹಾರಿಸುವಂತಿಲ್ಲ, ಅದಕ್ಕೆ ಬೇರೆ ಪರವಾನಗಿ ಇದೆ. ಪ್ರತಿ ಹಾರಾಟಕ್ಕೂ ಫ್ಲೈಟ್ ಪ್ಲಾನ್, ಎಡಿಸಿ (ವಾಯು ರಕ್ಷಣೆಯ ಅನುಮತಿ) ಮತ್ತು ಎಫ್‌ಐಸಿ (ಹಾರಾಟ ಮಾಹಿತಿ ಕೇಂದ್ರ) ಸಂಖ್ಯೆ ಪಡೆಯಬೇಕು. ಇಳಿಯುವ ಜಾಗದ ವಿಷಯವನ್ನು ಜಿಲ್ಲಾಡಳಿತ, ಪೊಲೀಸರ ಜೊತೆ ಮೊದಲೇ ಇತ್ಯರ್ಥ ಮಾಡಿಕೊಳ್ಳಿ. ನಾಗರಹೊಳೆ, ಬ್ರಹ್ಮಗಿರಿ, ಪುಷ್ಪಗಿರಿ ಅರಣ್ಯದ ಮೇಲೆ ತಗ್ಗಿನಲ್ಲಿ ಹಾರುವ ದಾರಿಯನ್ನು ಆರಿಸಬೇಡಿ.

ನಿಲ್ಲಿಸುವ ಜಾಗವೂ ಆಯ್ಕೆಯನ್ನು ಬದಲಿಸಬಹುದು. ಎರಡು ಬ್ಲೇಡಿನ ರಾಬಿನ್ಸನ್‌ಗಳ ರೋಟರನ್ನು ದೇಹಕ್ಕೆ ನೇರವಾಗಿ ತಿರುಗಿಸಿ ನಿಲ್ಲಿಸಿದರೆ ಅಗಲ ಸ್ಕಿಡ್‌ನಷ್ಟೇ, ಎರಡೂಕಾಲು ಮೀಟರ್ ಒಳಗೆ. ಆರ್44ರ ಒಟ್ಟು ಉದ್ದ 11.7 ಮೀಟರ್. ಉದ್ದನೆಯ ಕಾಫಿ ಗೋದಾಮಿನಲ್ಲಿ ಹಿಡಿಸುತ್ತದೆ. ಮೂರು ಬ್ಲೇಡಿನ 300ಸಿ, ಎನ್‌ಸ್ಟ್ರಾಮ್‌ಗಳಿಗೆ ಏಳೆಂಟು ಮೀಟರ್ ಅಗಲದ ಬಾಗಿಲು ಬೇಕು, ಇಲ್ಲದಿದ್ದರೆ ಪ್ರತಿ ಸಲ ಬ್ಲೇಡ್ ಬಿಚ್ಚಬೇಕು.

ಕಾಫಿ ಒಣಗಿಸುವ ಸಿಮೆಂಟ್ ಕಣ ಇಳಿಯಲು ಗಟ್ಟಿ ನೆಲವೇ. ಆದರೆ ಡಿಸೆಂಬರ್‌ನಿಂದ ಫೆಬ್ರವರಿವರೆಗೆ, ಹಾರಾಟಕ್ಕೆ ಅತ್ಯುತ್ತಮವಾದ ತಿಂಗಳುಗಳಲ್ಲೇ, ಅದರ ತುಂಬ ಕಾಫಿ ಇರುತ್ತದೆ. ಗುಡ್ಡೆ ಮುಚ್ಚಿದ ಟಾರ್ಪಾಲು ರೋಟರಿನ ಗಾಳಿಗೆ ಎದ್ದು ಬ್ಲೇಡಿಗೆ ಸುತ್ತಿಕೊಂಡರೆ ಯಂತ್ರ ಉರುಳುತ್ತದೆ. ಒಣ ಸಿಪ್ಪೆಯ ಧೂಳು ಏರ್ ಫಿಲ್ಟರ್ ಕಟ್ಟಿ ಶಕ್ತಿಯನ್ನು ಕದಿಯುತ್ತದೆ. ಕಣವನ್ನು ಬಿಟ್ಟು, ಗದ್ದೆಯ ಬದಿಯಲ್ಲಿ 25 ಮೀಟರ್ ಚದರದ ಬೇರೆ ಜಾಗ ಮಾಡಿಕೊಳ್ಳಿ. ಹೊರಡುವ ದಿಕ್ಕು ಗದ್ದೆಯ ಬಯಲಿನ ಮೇಲೆಯೇ ಇರಲಿ, ವಿದ್ಯುತ್ ತಂತಿ ಅಡ್ಡ ಬರದಿರಲಿ. ಜನವರಿಯಿಂದ ಮೇವರೆಗೆ ಕೊಯ್ಲು ಮುಗಿದ ಗದ್ದೆ ಒಣಗಿ ಗಟ್ಟಿಯಾಗಿರುತ್ತದೆ, ಮೇಲೇಳುವಾಗ ಎಂಜಿನ್ ಕೈಕೊಟ್ಟರೆ ಇಳಿಯಲು ಸುತ್ತಮುತ್ತ ಅದಕ್ಕಿಂತ ಒಳ್ಳೆಯ ನೆಲವಿಲ್ಲ. ಜುಲೈಯಿಂದ ಕೊಯ್ಲಿನವರೆಗೆ ಅದೇ ಗದ್ದೆ ಕೆಸರು, ಸ್ಕಿಡ್ ಹೂತು ಯಂತ್ರ ಮಗುಚುತ್ತದೆ. ಮಳೆ ಬಿಟ್ಟ ಮೇಲಿನ ಅಕ್ಟೋಬರ್, ನವೆಂಬರ್ ಹಾರಾಟಗಳಿಗೆ ಗಟ್ಟಿ ನೆಲವಿರುವ ಬಾಣೆಯ ಕಡೆಗೆ ಇನ್ನೊಂದು ಹೊರದಾರಿಯನ್ನು ಗುರುತಿಸಿಟ್ಟುಕೊಳ್ಳಿ.